ಬಿಳಿಗೆರೆ ಸುತ್ತಿನ ತೆಂಗಿನ ಸೀಮೆ: ನೆಲ, ನೀರು, ಜನ ಮತ್ತು ನಮ್ಮ ಮನೆಗಳ ಲೆಕ್ಕ

ತುಮಕೂರು ಜಿಲ್ಲೆಯ ನಕ್ಷೆ ತೆರೆದು ಅದರ ನೈಋತ್ಯ ಮೂಲೆಯತ್ತ ಕಣ್ಣು ಹಾಯಿಸಿದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಈ ಮೂರೂ ಸೇರಿ ತಿಪಟೂರು ಉಪವಿಭಾಗ. ಜನರ ಬಾಯಲ್ಲಿ ಇದು ತೆಂಗಿನ ಸೀಮೆ. ತಿಪಟೂರನ್ನೇ ಕೇಂದ್ರವಾಗಿಸಿ ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಬಹಳ ಕಾಲದಿಂದ ಇದೆ. ಅದು ಈಡೇರಲಿ ಬಿಡಲಿ, ನೆಲ, ನೀರು, ಬೆಳೆ, ಬದುಕು ನಾಲ್ಕರಲ್ಲೂ ಇದು ಈಗಾಗಲೇ ಒಂದು ಸಣ್ಣ ಕೃಷಿ ಜಿಲ್ಲೆಯಂತೆಯೇ ಇದೆ. ತಿಪಟೂರು ತಾಲ್ಲೂಕಿನ ಬಿಳಿಗೆರೆಯಂಥ ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೀಮೆಯ ಭೂಗೋಳ ಮತ್ತು ಜನಸಂಖ್ಯೆಯನ್ನು ಪರಿಚಯಿಸುವುದು, ಆ ಲೆಕ್ಕದಲ್ಲಿ ಜೈನ ಮನೆಗಳ ಜಾಗ ಯಾವುದು ಎಂದು ನೋಡುವುದು ಈ ಲೇಖನದ ಉದ್ದೇಶ.

ಎಲ್ಲಿದೆ ಈ ಸೀಮೆ?

ಬೆಂಗಳೂರಿನಿಂದ ಶಿವಮೊಗ್ಗ ಅಥವಾ ಹುಬ್ಬಳ್ಳಿ ಕಡೆಗೆ ರೈಲಿನಲ್ಲಿ ಹೋದವರೆಲ್ಲ ಈ ಸೀಮೆಯನ್ನು ಕಿಟಕಿಯಿಂದ ನೋಡಿದವರೇ. ತುಮಕೂರು ದಾಟಿ, ಗುಬ್ಬಿ, ನಿಟ್ಟೂರು ಕಳೆದ ಮೇಲೆ ಹಳಿಯ ಎರಡೂ ಬದಿಗೆ ತೆಂಗಿನ ತೋಟಗಳು ಶುರುವಾದರೆ ಅರಸೀಕೆರೆಯವರೆಗೂ ಬಿಡುವುದಿಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿ ಪೂರ್ವದಿಂದ ಪಶ್ಚಿಮಕ್ಕೆ ಇದೇ ದಾರಿಯಲ್ಲಿ ಸಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಬರುವ ಜೇವರ್ಗಿ–ಚಾಮರಾಜನಗರ ಹೆದ್ದಾರಿ ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಮೂಲಕ ನಾಗಮಂಗಲಕ್ಕೆ ಇಳಿಯುತ್ತದೆ. ಈ ಎರಡು ಹೆದ್ದಾರಿಗಳು ಒಂದನ್ನೊಂದು ಹಾಯುವ ಜಾಗವೇ ಎಲ್ಲರೂ ಕೆ.ಬಿ. ಕ್ರಾಸ್ ಎನ್ನುವ ಕಿಬ್ಬನಹಳ್ಳಿ ಕ್ರಾಸ್. ಮೂರು ತಾಲ್ಲೂಕುಗಳ ಬಸ್ಸುಗಳೂ ಇಲ್ಲಿ ನಿಂತೇ ಮುಂದೆ ಹೋಗುತ್ತವೆ.

ಪಶ್ಚಿಮಕ್ಕೆ ಹಾಸನ ಜಿಲ್ಲೆಯ ಅರಸೀಕೆರೆ, ನೈಋತ್ಯಕ್ಕೆ ಚನ್ನರಾಯಪಟ್ಟಣ, ದಕ್ಷಿಣಕ್ಕೆ ಮಂಡ್ಯ ಜಿಲ್ಲೆಯ ನಾಗಮಂಗಲ, ಉತ್ತರಕ್ಕೆ ಚಿತ್ರದುರ್ಗ ಜಿಲ್ಲೆ. ಅಂದರೆ ಶ್ರವಣಬೆಳಗೊಳ ಇರುವ ಚನ್ನರಾಯಪಟ್ಟಣ ತಾಲ್ಲೂಕೂ ಕಂಬದಹಳ್ಳಿ ಇರುವ ನಾಗಮಂಗಲ ತಾಲ್ಲೂಕೂ ಈ ಸೀಮೆಯ ನೆರೆಮನೆಗಳು. ಬೆಳಗೊಳಕ್ಕೆ ಹೋಗುವ ಯಾತ್ರಿಕರು ತಿಪಟೂರಿನಲ್ಲಿ ಇಳಿದು ದಾರಿ ಹಿಡಿಯುವುದು ಹಿಂದಿನಿಂದಲೂ ಇದೆ.

ಮೂರು ಕಡೆಗೆ ಹರಿಯುವ ಜಿಲ್ಲೆ

ತುಮಕೂರು ಜಿಲ್ಲೆಗೆ ದೊಡ್ಡ ನದಿ ಇಲ್ಲ. ಆದರೆ ಇಲ್ಲಿ ಬಿದ್ದ ಮಳೆ ಮೂರು ದೊಡ್ಡ ನದಿಗಳಿಗೆ ಹಂಚಿಹೋಗುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಅಲ್ಲೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿಗೆ ಕೂಡುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ಸುವರ್ಣಮುಖಿ ಬೋರನಕಣಿವೆ ಜಲಾಶಯ ತುಂಬಿಸಿ ವೇದಾವತಿಗೆ ಸೇರಿ, ಅಲ್ಲಿಂದ ತುಂಗಭದ್ರೆ, ಕೃಷ್ಣೆಯ ಪಾಲಾಗುತ್ತದೆ. ತೆಂಗಿನ ಸೀಮೆ ಈ ಪೈಕಿ ಎರಡು ಜಲಾನಯನಗಳ ನಡುವಿನ ದಿಣ್ಣೆಯ ಮೇಲಿದೆ. ತಿಪಟೂರು, ತುರುವೇಕೆರೆಯ ಬಹುಭಾಗದ ನೀರು ಕಾವೇರಿಯ ಕಡೆಗೆ, ಚಿಕ್ಕನಾಯಕನಹಳ್ಳಿಯ ಉತ್ತರ ಭಾಗದ್ದು ಕೃಷ್ಣೆಯ ಕಡೆಗೆ.

ನೆತ್ತಿಯ ಮೇಲಿರುವ ನೆಲದಲ್ಲಿ ನೀರು ನಿಲ್ಲುವುದಿಲ್ಲ, ನಿಲ್ಲಿಸಬೇಕು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಈ ಕೆಂಪು ಮರಳುಮಿಶ್ರಿತ ಮಣ್ಣಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 650 ಮಿಲಿಮೀಟರ್ ಆಸುಪಾಸು. ಅದರಲ್ಲಿ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಕೃಷಿ ಇಲಾಖೆ ತಿಪಟೂರು, ಚಿಕ್ಕನಾಯಕನಹಳ್ಳಿಗಳನ್ನು ಮಧ್ಯ ಒಣ ವಲಯಕ್ಕೂ ತುರುವೇಕೆರೆಯನ್ನು ದಕ್ಷಿಣ ಒಣ ವಲಯಕ್ಕೂ ಸೇರಿಸಿದೆ. ಎರಡರಲ್ಲೂ ‘ಒಣ’ ಎಂಬ ಮಾತು ಇರುವುದನ್ನು ಗಮನಿಸಬೇಕು. ತೆಂಗಿನ ಹಸಿರು ನೋಡಿ ಇದು ನೀರಾವರಿ ನಾಡೆಂದು ತಿಳಿಯುವವರು ಮೋಸ ಹೋಗುತ್ತಾರೆ.

ಈ ಒಣ ನೆಲಕ್ಕೆ ಹಿರಿಯರು ಕಂಡುಕೊಂಡ ಪರಿಹಾರ ಕೆರೆ. ಊರುಗಳ ಹೆಸರೇ ಅದಕ್ಕೆ ಸಾಕ್ಷಿ. ಬಿಳಿ ಮತ್ತು ಕೆರೆ ಕೂಡಿ ಬಿಳಿಗೆರೆ, ಹಿರಿದಾದ ಕೆರೆ ಹೆಗ್ಗೆರೆ, ಅಲ್ಲೇ ನೊಣವಿನಕೆರೆ, ಶೆಟ್ಟಿಕೆರೆ, ಕಂದಿಕೆರೆ, ತುರುವೇಕೆರೆ. ಕೆರೆಯ ಏರಿಯ ಕೆಳಗೆ ಗದ್ದೆ, ಗದ್ದೆಯ ಆಚೆ ತೋಟ, ದಿಣ್ಣೆಯ ಮೇಲೆ ರಾಗಿ ಹೊಲ: ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಇದೇ ಜೋಡಣೆ. ಕೆರೆ ತುಂಬಿದರೆ ಬಾವಿಯಲ್ಲಿ ನೀರು, ಬಾವಿಯಲ್ಲಿ ನೀರಿದ್ದರೆ ತೆಂಗು ಎಂಬುದು ಸರಳ ಲೆಕ್ಕ.

ಕೊಳವೆಬಾವಿ ಬಂದ ಮೇಲೆ ಆ ಲೆಕ್ಕ ತಪ್ಪಿತು. ಕೆರೆಗಿಂತ ದೂರದ ದಿಣ್ಣೆಗಳಿಗೂ ತೆಂಗು ಹತ್ತಿತು, ಅಂತರ್ಜಲ ಆಳಕ್ಕಿಳಿಯಿತು. 2010ರ ದಶಕದ ಸಾಲು ಬರಗಳಲ್ಲಿ ಸುಳಿ ಬಾಗಿ ಒಣಗಿದ ಮರಗಳ ತೋಟಗಳನ್ನು ಈ ಭಾಗದವರು ಮರೆತಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ದಾಟಿ ತುಮಕೂರು ನಾಲೆಗೆ ಬರುತ್ತದೆ. ಅದರಿಂದ ತಿಪಟೂರು, ತುರುವೇಕೆರೆಯ ಹಲವು ಕೆರೆಗಳು ಜೀವ ಹಿಡಿದಿವೆ. ನಾಲೆಯ ನೀರು ಯಾವ ಕೆರೆಗೆ ಎಷ್ಟು ದಿನ ಎಂಬುದೇ ಇಂದು ಇಲ್ಲಿನ ದೊಡ್ಡ ರಾಜಕೀಯ.

ತೆಂಗು ಮತ್ತು ಉಂಡೆ ಕೊಬ್ಬರಿ

ತುಮಕೂರು ಜಿಲ್ಲೆಗೆ ‘ಕಲ್ಪತರು ನಾಡು’ ಎಂಬ ಹೆಸರು ಬಂದದ್ದು ತೆಂಗಿನಿಂದ. ರಾಜ್ಯದಲ್ಲಿ ತೆಂಗು ಬೆಳೆಯುವ ಜಿಲ್ಲೆಗಳ ಸಾಲಿನಲ್ಲಿ ಇದು ಮುಂಚೂಣಿಯದು. ಇಲ್ಲಿನ ಎತ್ತರದ ನಾಟಿ ತಳಿಗೆ ‘ತಿಪಟೂರು ಟಾಲ್’ ಎಂದೇ ಹೆಸರು. ಕಲ್ಪತರು ಎಂಬ ಮಾತು ಜೈನ ಓದುಗರಿಗೆ ಹೊಸದಲ್ಲ. ಭೋಗಭೂಮಿಯ ಕಾಲದಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಜನರಿಗೆ ಬೇಕಾದ್ದನ್ನೆಲ್ಲ ಕೊಡುತ್ತಿದ್ದವು. ಅವು ಕ್ಷೀಣಿಸಿದಾಗ ಭಗವಾನ್ ಆದಿನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಕಲಿಸಿದರು ಎಂದು ನಮ್ಮ ಪುರಾಣ ಹೇಳುತ್ತದೆ. ತಿಪಟೂರಿನ ಕಲ್ಪತರು ಕೇಳಿದ್ದನ್ನು ಸುಮ್ಮನೆ ಕೊಡುವುದಿಲ್ಲ. ಇದಕ್ಕೆ ಕೃಷಿಯೂ ಬೇಕು, ವಾಣಿಜ್ಯವೂ ಬೇಕು.

ಕರಾವಳಿಯಲ್ಲಿ ಕಾಯಿ ಒಡೆದು, ಹೋಳು ಒಣಗಿಸಿ, ಗಾಣಕ್ಕೆ ಹಾಕುತ್ತಾರೆ. ತಿಪಟೂರಿನ ಪದ್ಧತಿ ಬೇರೆ. ಬಲಿತ ಕಾಯಿಯನ್ನು ಸುಲಿಯದೆ ಇಡಿಯಾಗಿ ಅಟ್ಟದ ಮೇಲೆ ಪೇರಿಸುತ್ತಾರೆ. ಎಂಟರಿಂದ ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡುತ್ತದೆ. ಅಲುಗಾಡಿಸಿದರೆ ಒಳಗೆ ಗಡಗಡ ಸದ್ದು ಬಂದರೆ ಕೊಬ್ಬರಿ ಆಯಿತೆಂದು ಲೆಕ್ಕ. ಆಮೇಲೆ ಮಟ್ಟೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವುದು ಕೈಪಳಗಿದ ಆಳುಗಳ ಕೆಲಸ. ಹೀಗೆ ಬರುವುದು ಉಂಡೆ ಕೊಬ್ಬರಿ, ಮನೆಮಾತಿನಲ್ಲಿ ಗಿಟುಕು. ಈ ಸೀಮೆಯ ಒಣ ಹವೆ ಇಲ್ಲದಿದ್ದರೆ ಕಾಯಿ ಅಟ್ಟದಲ್ಲೇ ಕೊಳೆಯುತ್ತಿತ್ತು. ಮಳೆ ಕಡಿಮೆ ಎಂಬ ಕೊರತೆಯೇ ಇಲ್ಲಿ ಕಸುಬಿಗೆ ಆಧಾರವಾಗಿದೆ.

ತಿಪಟೂರಿನ ಕೃಷಿ ಮಾರುಕಟ್ಟೆಯಲ್ಲಿ ವಾರಕ್ಕೆರಡು ಬಾರಿ ಕೊಬ್ಬರಿ ಹರಾಜಾಗುತ್ತದೆ. ಇಲ್ಲಿ ಕೊಂಡ ಕೊಬ್ಬರಿ ಹೆಚ್ಚಾಗಿ ಹೋಗುವುದು ದೆಹಲಿ, ರಾಜಸ್ಥಾನ, ಗುಜರಾತ್, ಉತ್ತರ ಪ್ರದೇಶಗಳಿಗೆ. ಅಲ್ಲಿ ಮದುವೆ, ಹಬ್ಬ, ಸಿಹಿತಿಂಡಿ ಎಲ್ಲಕ್ಕೂ ಅದು ಬೇಕು. ಉತ್ತರ ಭಾರತದ ಹಲವು ದಿಗಂಬರ ಮಂದಿರಗಳಲ್ಲಿ ಅಷ್ಟದ್ರವ್ಯ ಪೂಜೆಯ ನೈವೇದ್ಯಕ್ಕೆ ಬಿಳಿ ಕೊಬ್ಬರಿ ಚೂರನ್ನೂ ದೀಪಕ್ಕೆ ಹಳದಿ ಬಣ್ಣ ಕಟ್ಟಿದ ಚೂರನ್ನೂ ಅರ್ಪಿಸುವ ರೂಢಿಯಿದೆ. ಇತ್ತ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಎಳನೀರಿನ ಅಭಿಷೇಕವೂ ಒಂದು. ಅತ್ತ ಇತ್ತ ಎರಡೂ ಕಡೆ ಪೂಜೆಯ ತಟ್ಟೆಗೆ ಈ ಸೀಮೆಯ ಬೆಳೆ ಹೊಂದಿಕೊಂಡಿದೆ.

ಬೆಲೆಯ ಏರಿಳಿತ ಮಾತ್ರ ರೈತನ ನಿದ್ದೆ ಕೆಡಿಸುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಮಾರುಕಟ್ಟೆಯಲ್ಲಿ ಅದು 8,000ದ ಆಸುಪಾಸಿಗೆ ಕುಸಿದಿತ್ತು. ನಾಫೆಡ್ ಖರೀದಿ ಕೇಂದ್ರಗಳ ಮುಂದೆ ರೈತರು ರಾತ್ರಿಯೆಲ್ಲ ಸರದಿಯಲ್ಲಿ ಕಾದರು. ಎರಡೇ ವರ್ಷದಲ್ಲಿ, 2025ರಲ್ಲಿ, ಅದೇ ಕೊಬ್ಬರಿ 25,000 ರೂಪಾಯಿ ದಾಟಿತು. ಆದರೆ ಆ ಹೊತ್ತಿಗೆ ಅಟ್ಟದಲ್ಲಿ ಕಾಯಿ ಇದ್ದವರು ಕಡಿಮೆ. ಬರ, ನುಸಿಪೀಡೆ, ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗ, ಅಣಬೆ ರೋಗಗಳಿಂದ ಇಳುವರಿ ಇಳಿದಿತ್ತು. ಬೆಲೆ ಏರಿದ್ದಕ್ಕೆ ಅದೂ ಒಂದು ಕಾರಣ. ಇಂದು ಕೊಯ್ದ ಕಾಯಿ ದುಡ್ಡಾಗುವುದು ಬರುವ ವರ್ಷ. ವರ್ಷ ಕಾಯುವ ಶಕ್ತಿ ಇಲ್ಲದ ಸಣ್ಣ ಹಿಡುವಳಿದಾರರು ಎಳನೀರು ಅಥವಾ ಹಸಿಕಾಯಿಯನ್ನೇ ಮಾರಿಬಿಡುತ್ತಾರೆ.

ತೆಂಗಿನ ಜೊತೆಗೆ ರಾಗಿ, ಹೆಸರು, ಹುರುಳಿ, ಅಡಿಕೆ, ಹಾಲು ಈ ಸೀಮೆಯ ಆಸರೆ. ಚಿಕ್ಕನಾಯಕನಹಳ್ಳಿಯ ಬೆಟ್ಟಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ತಡೆದಾಗ ಅದರ ಬಿಸಿ ಇಲ್ಲಿಗೂ ತಟ್ಟಿತು.

ಜನ ಎಷ್ಟು, ಹೋದವರು ಎಲ್ಲಿ?

2011ರ ಜನಗಣತಿಯಂತೆ ತುಮಕೂರು ಜಿಲ್ಲೆಯ ಜನಸಂಖ್ಯೆ 26,78,980. ವಿಸ್ತೀರ್ಣ ಸುಮಾರು 10,597 ಚದರ ಕಿಲೋಮೀಟರ್. ಚದರ ಕಿಲೋಮೀಟರಿಗೆ 253 ಜನ. ರಾಜ್ಯದ ಸರಾಸರಿ 319. ಸಾಕ್ಷರತೆ ಶೇ 75, ಹೆಚ್ಚುಕಡಿಮೆ ರಾಜ್ಯದ ಸರಾಸರಿಯಷ್ಟೇ. ಸಾವಿರ ಗಂಡಸರಿಗೆ 984 ಹೆಂಗಸರು, ರಾಜ್ಯದಲ್ಲಿ 973. ಪ್ರತಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಹಳ್ಳಿಗಳಲ್ಲಿದ್ದಾರೆ. ತೆಂಗಿನ ಸೀಮೆಯ ಮೂರು ತಾಲ್ಲೂಕುಗಳಲ್ಲಿ ಒಟ್ಟು ಸುಮಾರು ಆರು ಲಕ್ಷ ಜನ. ಅವರ ದೊಡ್ಡ ಪಟ್ಟಣವಾದ ತಿಪಟೂರಿನಲ್ಲಿ ಸುಮಾರು 60 ಸಾವಿರ.

ಈ ಅಂಕಿಗಳಲ್ಲಿ ಒಂದನ್ನು ಬಿಡಿಸಿ ನೋಡಬೇಕು. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 25,84,711 ಇತ್ತು. ಹತ್ತು ವರ್ಷದಲ್ಲಿ ಏರಿಕೆ ಶೇ 3.65 ಮಾತ್ರ. ಅದೇ ಅವಧಿಯಲ್ಲಿ ಕರ್ನಾಟಕದ ಏರಿಕೆ ಶೇ 15.6. ಹುಟ್ಟು ಕಡಿಮೆಯಾದದ್ದು ಒಂದು ಕಾರಣ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಸಾಲದು. ಬೆಂಗಳೂರು ಮಗ್ಗುಲಲ್ಲೇ ಇದೆ. ಓದಿದ ಮಕ್ಕಳು ರೈಲು ಹತ್ತಿದರೆ ಮೂರು ಗಂಟೆಯ ಹಾದಿ. ತೋಟ ಇಲ್ಲಿ, ಸಂಬಳ ಅಲ್ಲಿ. ಹಬ್ಬಕ್ಕೆ ಊರು ತುಂಬುತ್ತದೆ, ಮರುದಿನ ಖಾಲಿ. ಕಾಯಿ ಕೀಳುವ, ಕೊಬ್ಬರಿ ಸುಲಿಯುವ ಆಳುಗಳ ಅಭಾವಕ್ಕೂ ಊರಿನಲ್ಲಿ ಉಳಿದವರ ವಯಸ್ಸು ಏರುತ್ತಿರುವುದಕ್ಕೂ ಇದೇ ಮೂಲ.

ಜೈನರ ಹೆಜ್ಜೆಗುರುತು

ಈ ಸೀಮೆಯಲ್ಲಿ ಜೈನಧರ್ಮ ನಿನ್ನೆ ಮೊನ್ನೆ ಬಂದದ್ದಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ, 12ನೆಯ ಶತಮಾನದ ಪಾರ್ಶ್ವನಾಥ ಬಸದಿ ಇದೆ. ಹುಳಿಯಾರಿನ ಸಾಮಂತ ಗೋವಿದೇವನು ತೀರಿಹೋದ ಮಡದಿಯ ನೆನಪಿಗೆ ಇದನ್ನು ಕಟ್ಟಿಸಿದನೆಂದು ಶಾಸನ ತಿಳಿಸುತ್ತದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಅದೇ ಶತಮಾನದ ಶಾಂತೀಶ್ವರ ಬಸದಿ. ಅರಸೀಕೆರೆಯಲ್ಲಿ ದಂಡನಾಯಕ ರೇಚರಸ 1220ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯ. ತುಮಕೂರಿನ ಬಳಿ ಮಂದರಗಿರಿಯ ಬಸದಿಗಳು, ಅದರ ಬುಡದಲ್ಲಿ ಪಿಂಛಿಯ ಆಕಾರದ 81 ಅಡಿ ಎತ್ತರದ ಗುರುಮಂದಿರ. ಹೆಗ್ಗೆರೆಯಿಂದ ನಿಟ್ಟೂರಿಗೆ, ಅಲ್ಲಿಂದ ಅರಸೀಕೆರೆಗೆ ಗೆರೆ ಎಳೆದರೆ ತೆಂಗಿನ ಸೀಮೆಯ ಒಂದು ಭಾಗ ಆ ತ್ರಿಕೋನದ ಮಡಿಲಲ್ಲೇ ಬೀಳುತ್ತದೆ. ಇಷ್ಟು ಬಸದಿಗಳನ್ನು ಕಟ್ಟಿ, ದತ್ತಿ ಬಿಟ್ಟು, ಪೂಜೆ ನಡೆಸಲು ಎಷ್ಟು ಮನೆಗಳು ಇದ್ದಿರಬೇಕು ಎಂದು ಊಹಿಸಿಕೊಳ್ಳಬಹುದು.

ಇಂದು ಇಲ್ಲಿನ ಜೈನರು ಎರಡು ಬಗೆ. ತಲೆತಲಾಂತರದಿಂದ ಇಲ್ಲೇ ಇರುವ, ಮನೆಮಾತು ಕನ್ನಡವಾದ, ಬೇಸಾಯವನ್ನೂ ವ್ಯಾಪಾರವನ್ನೂ ಮಾಡುವ ದಿಗಂಬರ ಶ್ರಾವಕರು ಒಂದು ಕಡೆ. ರಾಜಸ್ಥಾನ, ಗುಜರಾತ್ ಮೂಲದಿಂದ ಬಂದು ತಿಪಟೂರು, ತುಮಕೂರಿನಂಥ ಪಟ್ಟಣಗಳಲ್ಲಿ ಅಂಗಡಿ ಇಟ್ಟ ಶ್ವೇತಾಂಬರ ಕುಟುಂಬಗಳು ಇನ್ನೊಂದು ಕಡೆ. ಹಳ್ಳಿಯ ಬಸದಿಗಳ ಹೊಣೆ ಹೆಚ್ಚಾಗಿ ಮೊದಲನೆಯವರದು. ಪಟ್ಟಣ ಸೇರುತ್ತಿರುವವರೂ ಅವರೇ.

ಇಡೀ ದೇಶದ ಚಿತ್ರವೂ ಇದಕ್ಕೆ ಹೊಂದುತ್ತದೆ. 2011ರಲ್ಲಿ ಭಾರತದಲ್ಲಿ ಜೈನರು 44,51,753, ನೂರಕ್ಕೆ 0.37. ಅವರಲ್ಲಿ ಸುಮಾರು ಶೇ 80 ಮಂದಿ ನಗರವಾಸಿಗಳು. ಕರ್ನಾಟಕದಲ್ಲಿ 4,40,280, ಅಂದರೆ ಸಾವಿರಕ್ಕೆ ಏಳು ಜನ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳಗಾವಿ ಜಿಲ್ಲೆಯೊಂದರಲ್ಲೇ ಇದೆ. 2001ರಿಂದ 2011ರವರೆಗೆ ರಾಜ್ಯದ ಜೈನರ ಏರಿಕೆ ಶೇ 6.7, ರಾಜ್ಯದ ಒಟ್ಟು ಏರಿಕೆಯ ಅರ್ಧಕ್ಕಿಂತ ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಜೈನ ಮಹಿಳೆಯರ ಸರಾಸರಿ ಮಕ್ಕಳ ಸಂಖ್ಯೆ 1.2, ಐದನೆಯ ಸುತ್ತಿನಲ್ಲಿ 1.6. ಒಂದು ತಲೆಮಾರು ತನ್ನಷ್ಟೇ ಸಂಖ್ಯೆಯ ಮುಂದಿನ ತಲೆಮಾರನ್ನು ಬಿಟ್ಟುಹೋಗಲು 2.1 ಬೇಕು. ದೊಡ್ಡ ಊರಿನಲ್ಲಿ ಈ ಇಳಿಕೆ ಕಣ್ಣಿಗೆ ಬೀಳುವುದಿಲ್ಲ. ನಾಲ್ಕೈದು ಜೈನ ಮನೆಗಳಿರುವ ಹಳ್ಳಿಯಲ್ಲಿ ಒಂದು ಮನೆಗೆ ಬೀಗ ಬಿದ್ದರೆ ನಿತ್ಯಪೂಜೆಯ ಸರದಿಯೇ ತಪ್ಪುತ್ತದೆ.

ಗಣತಿಯಲ್ಲಿ ನಾವು ಕಾಣುತ್ತೇವೆಯೇ?

ಮುಂದಿನ ಜನಗಣತಿಯ ಅಧಿಸೂಚನೆ 2025ರ ಜೂನ್ 16ರಂದು ಹೊರಬಿದ್ದಿದೆ. ನಮ್ಮ ರಾಜ್ಯಕ್ಕೆ ಅದರ ಆಧಾರ ದಿನ 2027ರ ಮಾರ್ಚ್ 1. 1931ರ ನಂತರ ಮೊದಲ ಬಾರಿಗೆ ಎಲ್ಲರ ಜಾತಿಯನ್ನೂ ಇದರಲ್ಲಿ ಕೇಳಲಾಗುತ್ತದೆ. ತೆಂಗಿನ ಸೀಮೆಯಂಥ, ಚದುರಿದ ಸಣ್ಣ ಸಂಖ್ಯೆಯ ಪ್ರದೇಶಕ್ಕೆ ಇದು ಮುಖ್ಯ. ಕಾರಣಗಳು ಹೀಗಿವೆ.

ಮೊದಲನೆಯದು, ಹೆಸರಿನ ಗೊಂದಲ. ಈ ಭಾಗದ ಕನ್ನಡ ಜೈನರ ಹೆಸರಿನ ತುದಿಯಲ್ಲಿ ‘ಜೈನ್’ ಎಂದು ಇರುವುದು ಅಪರೂಪ. ಪದ್ಮರಾಜಯ್ಯ, ಧರಣೇಂದ್ರಯ್ಯ ಎಂಬಂಥ ಹೆಸರು ಕೇಳಿದವರಿಗೆ ಧರ್ಮ ಹೊಳೆಯದೇ ಹೋಗಬಹುದು. ಹೆಸರು ನೋಡಿ ಊಹಿಸಿ ಬರೆಯುವಂತಿಲ್ಲ, ಮನೆಯವರು ಹೇಳಿದ್ದನ್ನೇ ಬರೆಯಬೇಕು ಎಂಬುದು ಗಣತಿಯ ನಿಯಮ. ಆದ್ದರಿಂದ ಧರ್ಮದ ಪ್ರಶ್ನೆ ಬಂದಾಗ ಬಾಯಿಬಿಟ್ಟು ‘ಜೈನ’ ಎಂದು ಹೇಳುವುದು, ಬರೆದದ್ದನ್ನು ಓದಿಸಿಕೊಳ್ಳುವುದು ಮನೆಯವರ ಕೆಲಸ.

ಎರಡನೆಯದು, ಧರ್ಮ ಬೇರೆ, ಜಾತಿ ಬೇರೆ ಕಾಲಂ. 2014ರ ಜನವರಿ 27ರಿಂದ ಜೈನರು ಕೇಂದ್ರ ಸರ್ಕಾರದ ಮಾನ್ಯತೆಯುಳ್ಳ ಅಲ್ಪಸಂಖ್ಯಾತರು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ, ಸಾಲ, ಹಾಸ್ಟೆಲ್‌ಗಳಿಗೆ ಧರ್ಮವೇ ಆಧಾರ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಜೈನ ದಿಗಂಬರರು ಪ್ರವರ್ಗ 3ಬಿ ಅಡಿಯಲ್ಲಿ ಇದ್ದಾರೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು, ಒಂದೇ ಮನೆಯಲ್ಲಿ ಅಣ್ಣ ಒಂದು ತಮ್ಮ ಇನ್ನೊಂದು ಬರೆಸುವುದು ಮುಂದೆ ಮಕ್ಕಳ ದಾಖಲೆಗಳಿಗೆ ತೊಡಕು ತರುತ್ತದೆ. ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಮೂರನೆಯದು, ವಾಸಸ್ಥಳ. ಬೆಂಗಳೂರಿನಲ್ಲಿ ನೆಲೆಸಿ ಕೆಲಸ ಮಾಡುವ ಮಗನನ್ನು ಊರಿನ ಮನೆಯಲ್ಲಿ ಬರೆಸುವಂತಿಲ್ಲ. ಅವನ ಎಣಿಕೆ ಅಲ್ಲೇ. ಹಾಸ್ಟೆಲ್‌ನಲ್ಲಿರುವ ಮಕ್ಕಳ ಎಣಿಕೆ ಹಾಸ್ಟೆಲ್‌ನಲ್ಲೇ. ಊರಿನ ಸಂಖ್ಯೆ ಹೆಚ್ಚಿಸಲು ಎರಡು ಕಡೆ ಬರೆಸುವುದು ತಪ್ಪು. ಅದು ಸತ್ಯ ಅಣುವ್ರತಕ್ಕೂ ಒಪ್ಪುವುದಿಲ್ಲ. ಆದರೆ ಬಾಡಿಗೆ ಕೋಣೆಯಲ್ಲಿರುವ ಹುಡುಗ ಅಲ್ಲಿಯೂ ಸಿಗದೆ, ಇಲ್ಲಿಯೂ ಇಲ್ಲದೆ ಲೆಕ್ಕದಿಂದಲೇ ಜಾರುವ ಸಂಭವ ಇದೆ. ಇರುವಲ್ಲಿ ಬರೆಸಿದೆಯಾ ಎಂದು ತಂದೆತಾಯಿ ಒಂದು ಫೋನ್ ಮಾಡಿ ಕೇಳಿದರೆ ಸಾಕು.

ನಾಲ್ಕನೆಯದು, ಗುಟ್ಟಿನ ಭಯ. ಧರ್ಮ ಹೇಳಿದರೆ ಏನಾದೀತೋ ಎಂದು ಹಿಂಜರಿಯುವ ಹಿರಿಯರಿದ್ದಾರೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ಮಾಹಿತಿ ಗೋಪ್ಯ. ಪ್ರಕಟವಾಗುವುದು ಒಟ್ಟು ಸಂಖ್ಯೆ ಮಾತ್ರ.

ಇಷ್ಟಾದರೂ ಜನಗಣತಿ ಎಲ್ಲವನ್ನೂ ಹೇಳುವುದಿಲ್ಲ. ಧರ್ಮವಾರು ಸಂಖ್ಯೆ ತಾಲ್ಲೂಕು ಮತ್ತು ಪಟ್ಟಣದ ಮಟ್ಟಕ್ಕೆ ನಿಲ್ಲುತ್ತದೆ, ಹಳ್ಳಿಯ ಮಟ್ಟಕ್ಕೆ ಪ್ರಕಟವಾಗುವುದಿಲ್ಲ. ಯಾವ ಊರಿನ ಬಸದಿಗೆ ಎಷ್ಟು ಮನೆ, ಪುರೋಹಿತರು ಇದ್ದಾರೆಯೇ, ದತ್ತಿ ಜಮೀನು ಯಾರ ಸ್ವಾಧೀನದಲ್ಲಿದೆ, ಊರು ಬಿಟ್ಟ ಕುಟುಂಬಗಳು ಈಗ ಎಲ್ಲಿವೆ ಎಂಬುದನ್ನು ಸಮಾಜವೇ ಬರೆದಿಡಬೇಕು. ತಾಲ್ಲೂಕಿಗೊಂದು ನೋಟ್‌ಬುಕ್, ಪ್ರತಿ ಬಸದಿಗೆ ಒಂದು ಪುಟ, ವರ್ಷಕ್ಕೊಮ್ಮೆ ಮಹಾವೀರ ಜಯಂತಿಯ ದಿನ ತಿದ್ದುಪಡಿ: ಇದಕ್ಕೆ ಖರ್ಚು ಏನೂ ಇಲ್ಲ. ಬೆಂಗಳೂರಿನಲ್ಲಿರುವ ಒಂದು ಕುಟುಂಬ ತನ್ನ ಮೂಲ ಊರಿನ ಬಸದಿಗೆ ತಿಂಗಳಿಗೊಂದು ದಿನದ ಪೂಜೆಯ ಹೊಣೆ ಹೊತ್ತರೆ, ಹನ್ನೆರಡು ಕುಟುಂಬ ಸೇರಿದರೆ ವರ್ಷದಲ್ಲಿ 144 ದಿನ ಆ ಬಾಗಿಲು ತೆರೆದಿರುತ್ತದೆ.

ತೆಂಗಿನ ಸೀಮೆಯ ಹಿರಿಯರು ಕಾಯಿಯನ್ನು ಅಟ್ಟಕ್ಕೆ ಏರಿಸುವಾಗ ಎಣಿಸುತ್ತಾರೆ, ಇಳಿಸುವಾಗ ಮತ್ತೆ ಎಣಿಸುತ್ತಾರೆ. ನಡುವೆ ಎಷ್ಟು ಕೊಳೆತವು, ಎಷ್ಟು ಉಳಿದವು ಎಂದು ತಿಳಿಯುವುದು ಹಾಗೆಯೇ. 2011ರಲ್ಲಿ ಒಮ್ಮೆ ಎಣಿಕೆಯಾಗಿದೆ. 2027ರಲ್ಲಿ ಮತ್ತೊಮ್ಮೆ ಆಗಲಿದೆ. ಬಾಗಿಲಿಗೆ ಬಂದವರಿಗೆ ಸರಿಯಾದ ಉತ್ತರ ಕೊಡಲು ಪ್ರತಿ ಮನೆಯೂ ಈಗಿನಿಂದಲೇ ಸಿದ್ಧವಿರಲಿ.